ನರಸಿಂಹಪ್ಪನ ಸೈಕಲ್ಲಿನ ಕೆಂಪು ದೀಪ

ಶಿಡ್ಲಘಟ್ಟದಿಂದ ಹುಣಸೇಕುಂಟೆಗೆ ಹೋಗುವ ದಾರಿಯನ್ನು ದಾರಿ ಎಂದು ಮೊದಲು ಕರೆದವರು ಯಾರೋ ತಿಳಿಯದು. ಅದರ ಮೇಲೆ ಓಡಾಡಿದವರಂತೂ ಅಲ್ಲ. ಊರು ಬಿಟ್ಟ ಕೂಡಲೇ ಒಂದಿಷ್ಟು ಟಾರು ಸಿಗುತ್ತದೆ. ಟಾರು ಮುಗಿದಲ್ಲಿಂದ ಕಲ್ಲುಕ್ವಾರಿಯ ಲಾರಿಗಳು ತೋಡಿಟ್ಟ ಗುಂಡಿಗಳು. ಒಂದೊಂದರಲ್ಲೂ ಒಂದು ಎಮ್ಮೆ ಸಂಸಾರ ಸಮೇತ ಮಲಗಬಹುದು. ಗುಂಡಿ ಮುಗಿದರೆ ಕೆರೆಯಂಗಳ, ಕೆರೆಯಂಗಳ ಮುಗಿದರೆ ಹಿಪ್ಪುನೇರಳೆ ತೋಟಗಳ ಬದು. ಇಂಥ ದಾರಿಯಲ್ಲಿ ದಿನವೂ ಸೂರ್ಯ ಏಳುವ ಮುಂಚೆ ಹೋಗಿ, ಸೂರ್ಯ ಮಲಗಿದ ಮೇಲೆ ಬರುತ್ತಿದ್ದ ಗಂಡುಗಲಿ ಒಬ್ಬನೇ, ನಮ್ಮ ನರಸಿಂಹಪ್ಪ.

ಅವನು ಬಷೀರ್ ಅಹಮದ್ ಸಾಹೇಬರ ರೇಷ್ಮೆ ನೂಲು ತೆಗೆಯುವ ಫಿಲೇಚರಿನಲ್ಲಿ ಗೂಡು ಆರಿಸುವವನು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಒಳಗಿನ ಹುಳ ಯಾವ ಊರಿನ ಸೊಪ್ಪು ತಿಂದದ್ದೆಂದು ಹೇಳಿಬಿಡುತ್ತಾನೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಜನರಿಗೆ ಹಾಗೆಂದು ಹೇಳಿದ್ದವನೂ ಅವನೇ. ಅವನಿಗೆ ಒಂದು ಹಸಿರು ಸೈಕಲ್ಲಿತ್ತು. ಅದನ್ನು ಅವನು ಒರೆಸುವುದನ್ನು ನೋಡಿದವರು, ಇವನು ಹೆಂಡತಿಯನ್ನು ಇದರ ಕ್ಯಾರಿಯರಿಗಾಗಿಯೇ ಕಟ್ಟಿಕೊಂಡದ್ದು ಎನ್ನುತ್ತಿದ್ದರು.

ಎಂಬತ್ನಾಲ್ಕನೇ ಇಸವಿಯ ಕಾರ್ತೀಕದಲ್ಲಿ ರಾಗಿಹುಲ್ಲು ತುಂಬಿದ ಟ್ರಾಕ್ಟರೊಂದು ಹಿಂದಿನಿಂದ ಬಂದು ಸೈಕಲ್ಲನ್ನು ಮೆಲ್ಲಗೆ ಮುಟ್ಟಿತು. ಮೆಲ್ಲಗೆ ಎಂದರೆ ಟ್ರಾಕ್ಟರಿನ ಲೆಕ್ಕದಲ್ಲಿ. ನರಸಿಂಹಪ್ಪ ಕೆರೆಯ ಈ ದಡದಲ್ಲಿ ಸೈಕಲ್ ಬಿಟ್ಟು ಆ ದಡದಲ್ಲಿ ಎದ್ದ. ತಲೆಯ ಮೇಲೆ ಜೊಂಡು, ಜೇಬಿನಲ್ಲಿ ಮೀನು. ಅದೇ ವೇಷದಲ್ಲಿ ಮನೆಗೆ ಬಂದವನನ್ನು ಹೆಂಡತಿ ಅಕ್ಕಯಮ್ಮ ಬಾಗಿಲಲ್ಲೇ ನಿಲ್ಲಿಸಿದಳು.

"ಹಿಂದಗಡೆಯಿಂದ ಬಂದೋನಿಗೆ ನೀನು ಕಾಣ್ಲಿಲ್ಲವಂತೆ?"

"ಮುಂದಗಡೆಯಿಂದ ಬರೋರಿಗೆಲ್ಲ ಕಾಣ್ತೀನಿ ಕಣೇ. ಮುಂದಕ್ಕೆ ಡೈನಮೋ ದೀಪ ಇದೆಯಲ್ಲ."

"ಮುಂದಗಡೆಯಿಂದ ನೋಡಿ ನೋಡಿ ನಾನೇ ಸಾಕಾಗಿದೀನಿ. ಹಿಂದಕ್ಕೊಂದು ಕೆಂಪು ದೀಪ ಹಾಕ್ಸು. ಶಿಡ್ಲಘಟ್ಟದಲ್ಲಿ ಹತ್ತಿದ್ದು ನಮ್ಮ ಹೊಸಿಲು ತನಕ ಆರಬಾರ್ದು. ಅಂಥ ದೀಪ ನಿನ್ನ ಕೈಲಾಗಲ್ಲವಾ, ಸೈಕಲ್ನ ನಮ್ಮ ಎರ್ರಪ್ಪನಿಗೆ ಕೊಟ್ಬಿಡ್ತೀನಿ. ನಡ್ಕೊಂಡು ಹೋಗೋನು ಹಿಂದಕ್ಕಾದ್ರೂ ತಿರುಗಿ ನೋಡ್ತಾನೆ."

ಎರ್ರಪ್ಪ ಅಕ್ಕಯಮ್ಮನ ತಮ್ಮ, ಗೌರಿಬಿದನೂರು ಕಡೆಯ ನಗರಗೆರೆಯವನು. ಮದುವೆಯ ದಿನದಿಂದಲೂ ಅವನ ಕಣ್ಣು ಆ ಸೈಕಲ್ಲಿನ ಮೇಲೆ. ಹಬ್ಬಕ್ಕೆ ಬಂದರೆ ಮೊದಲು ಟೈರು ಒತ್ತಿ ನೋಡಿ, ಆಮೇಲೆ ಅಕ್ಕನನ್ನು ಚೆನ್ನಾಗಿದ್ದೀಯಾ ಎಂದು ಕೇಳುವವನು. ಅಕ್ಕಯಮ್ಮ ಆಡಿದ ಮಾತು ತಪ್ಪಿದ ದಾಖಲೆ ಹುಣಸೇಕುಂಟೆಯ ಚರಿತ್ರೆಯಲ್ಲೇ ಇಲ್ಲ. ಹೀಗಾಗಿ ನರಸಿಂಹಪ್ಪನಿಗೆ ಅಂದು ರಾತ್ರಿ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಎರಡೇ ಇಳಿದವು.

ಮಾರನೇ ದಿನವೇ ಅವನು ಶಿಡ್ಲಘಟ್ಟದ ಸೈಕಲ್ ಅಂಗಡಿಯ ಅಸ್ಗರನ ಮುಂದೆ ನಿಂತ. ಅಸ್ಗರ್ ಡೈನಮೋದಿಂದ ಒಂದು ತಂತಿ ಎಳೆದು ಮಡ್‌ಗಾರ್ಡಿನ ಮೇಲೆ ಪುಟ್ಟ ಕೆಂಪು ದೀಪ ಕೂರಿಸಿದ. ಟಾರಿನ ಮೇಲೆ ಅದು ಮಾಣಿಕ್ಯದ ಹಾಗೆ ಹೊಳೆಯಿತು. ಕ್ವಾರಿಯ ಮೊದಲನೇ ಗುಂಡಿಯಲ್ಲಿ ಅದರ ಗಾಜು ಹೋಯಿತು, ಎರಡನೆಯದರಲ್ಲಿ ಬಲ್ಬು ಹೋಯಿತು, ಮೂರನೆಯದರಲ್ಲಿ ಹೋಗಲು ಏನೂ ಉಳಿದಿರಲಿಲ್ಲ. ಹೊಸ ಬಲ್ಬು ಹಾಕಿಸಿ, ಗುಂಡಿಗೆ ಇಳಿಯದೆ ಸುತ್ತು ಹಾಕಿಕೊಂಡು ಮನೆಯವರೆಗೂ ತಂದರೆ, ಅಕ್ಕಯಮ್ಮ ಒಂದೇ ಒಂದು ಮಾತು ಕೇಳಿದಳು.

"ಈಗ ಯಾಕೆ ಉರೀತಿಲ್ಲ?"

"ಈಗ ನಿಂತಿದೀನಲ್ಲ. ಚಕ್ರ ತಿರುಗಿದ್ರೆ ಉರಿಯುತ್ತೆ."

"ನೀನು ನಿಂತಾಗ ಅದು ಸಾಯುತ್ತೆ. ನಿಂತಿರೋನಿಗೆ ತಾನೆ ಲಾರಿ ಗುದ್ದೋದು?"

ಗೋಡೆಯಾಚೆಯಿಂದ ಪಕ್ಕದ ಮನೆಯ ಮುನಿಗಂಗಮ್ಮ, "ಸರಿಯಾಗಿ ಕೇಳ್ದೆ ಕಣಮ್ಮ!" ಎಂದಳು. ಮುನಿಗಂಗಮ್ಮನ ಕಿವಿ ಗೋಡೆಯ ಆ ಭಾಗದಲ್ಲೇ ಬೆಳೆದದ್ದು ಎಂದು ಹೇಳುತ್ತಾರೆ.

ಆಮೇಲೆ ಬಂದದ್ದು ಟಾರ್ಚಿನ ಕಾಲ. ಡೈನಮೋ ಬೇಡ, ಶೆಲ್ಲಿನ ಟಾರ್ಚನ್ನು ಕ್ಯಾರಿಯರಿಗೆ ಕಟ್ಟಿದರೆ ನಿಂತರೂ ಉರಿಯುತ್ತದೆ ಎಂದು ನರಸಿಂಹಪ್ಪನಿಗೆ ಗೂಡು ಆರಿಸುವಾಗ ಹೊಳೆಯಿತು. ಕೆಂಪು ಬಣ್ಣಕ್ಕೆ ಏನು ಮಾಡುವುದು? ಅಕ್ಕಯಮ್ಮನ ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸಿ ಗಾಜಿಗೆ ಬಳಿದ. ಬೆಳಕು ಎಷ್ಟು ಮಂಗಳಕರವಾಗಿತ್ತೆಂದರೆ ದಾರಿಯಲ್ಲಿ ಇಬ್ಬರು ಮುದುಕಿಯರು ಕೈಮುಗಿದರು. ಕೆರೆಯಂಗಳಕ್ಕೆ ಬರುವಷ್ಟರಲ್ಲಿ ಮಳೆ ಹಿಡಿಯಿತು. ಕುಂಕುಮ ಕರಗಿ ಮಡ್‌ಗಾರ್ಡಿನಿಂದ ತೊಟ್ಟಿಕ್ಕುತ್ತ ಊರೊಳಗೆ ಬಂತು. ಬೆಳಿಗ್ಗೆ ಮುನಿಗಂಗಮ್ಮ ಬೀದಿಯಿಂದ ಅಕ್ಕಯಮ್ಮನ ಹೊಸಿಲಿನವರೆಗೆ ಕೆಂಪು ಹನಿ ನೋಡಿದವಳೇ, "ಅಯ್ಯೋ, ಅಕ್ಕಯಮ್ಮ ಕೊನೆಗೂ ಗಂಡನ್ನ ಹೊಡೆದು ಹಾಕಿಬಿಟ್ಟಳು!" ಎಂದು ಬೀದಿ ಸೇರಿಸಿದಳು. ಒಳಗಿಂದ ನರಸಿಂಹಪ್ಪ ಹಲ್ಲುಜ್ಜುತ್ತ ಬಂದದ್ದನ್ನು ನೋಡಿ ಅರ್ಧ ಜನಕ್ಕೆ ನಿರಾಸೆಯಾಯಿತು. ಸತ್ತಿದ್ದು ಟಾರ್ಚು ಮಾತ್ರ. ಅದರೊಳಗೆ ನೀರು ತುಂಬಿತ್ತು.

ಅಷ್ಟರಲ್ಲಿ ನಗರಗೆರೆಯಿಂದ ಎರ್ರಪ್ಪ ಹೇಳಿಕಳಿಸಿದ. ಶುಕ್ರವಾರ ಸಂಜೆ ರೈಲಿಗೆ ಬರುತ್ತೇನೆ, ಸೈಕಲ್ ಒಯ್ಯಲು. ಗಾಳಿ ಹೊಡೆಯುವ ಪಂಪು ನಾನೇ ತರುತ್ತೇನೆ, ಅಕ್ಕ ತೊಂದರೆ ತಗೋಬಾರದು, ಎಂದು.

"ಶುಕ್ರವಾರ ಸಂಜೆ," ಎಂದಳು ಅಕ್ಕಯಮ್ಮ. "ದೀಪ ಉರ್ಕೊಂಡು ಬಂದ್ರೆ ಸೈಕಲ್ ನಿಂದು. ಆರ್ಕೊಂಡು ಬಂದ್ರೆ ಎರ್ರಪ್ಪಂದು."

ಶುಕ್ರವಾರ ಮಧ್ಯಾಹ್ನ ನರಸಿಂಹಪ್ಪ ಅಸ್ಗರನ ಅಂಗಡಿಯ ಕಟ್ಟೆಯ ಮೇಲೆ ಹೆಣ ಕಾಯುವವನ ಹಾಗೆ ಕೂತ. "ಅಸ್ಗರೂ, ಗುಂಡಿಗೆ ಬಿದ್ರೆ ಒಡೀಬಾರ್ದು, ಮಳೆಗೆ ನೆನೀಬಾರ್ದು, ನಿಂತ್ರೆ ಆರಬಾರ್ದು. ಅಂಥದ್ದು ಭೂಮಿ ಮೇಲೆ ಇದೆಯೇನಪ್ಪಾ?"

ಅಸ್ಗರ್ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು ಅಟ್ಟ ಹತ್ತಿದ. ಮೇಲೆ ಏನೇನೋ ಉರುಳಿದ ಸದ್ದಾಯಿತು. ಇಳಿಯುವಾಗ ಎರಡು ಕೈಯಲ್ಲೂ ಅಪ್ಪಿಕೊಂಡು ಒಂದು ಕಬ್ಬಿಣದ ಪೆಟ್ಟಿಗೆ ತಂದ. ಮುಂದೆ ಮುದ್ದೆಯ ತಟ್ಟೆಯಷ್ಟಗಲದ ದಪ್ಪ ಕೆಂಪು ಗಾಜು, ಒಳಗೆ ಸೀಮೆಎಣ್ಣೆಯ ಬತ್ತಿ.

"ಇದು ರೈಲಿನ ಬಾಲದ ದೀಪ, ಭಾಯ್. ನಮ್ಮ ಅಬ್ಬಾ ಹರಾಜಲ್ಲಿ ಗುಜರಿ ಜೊತೆ ತಂದಿದ್ದು. ಕೊನೇ ಡಬ್ಬಿ ಹಿಂದೆ ಇದು ಇರ್ಲೇಬೇಕು. ಸ್ಟೇಷನ್ನೋರು ರೈಲಿನ ಮುಖ ನೋಡಲ್ಲ, ಬಾಲ ನೋಡ್ತಾರೆ. ಕೆಂಪು ಕಂಡ್ರೆ ರೈಲು ಪೂರ್ತಿ ಬಂತು ಅಂತ ಲೆಕ್ಕ. ಕಾಣ್ಲಿಲ್ಲ ಅಂದ್ರೆ ಅರ್ಧ ರೈಲು ಎಲ್ಲೋ ಕಳಚ್ಕೊಂಡು ಬಿದ್ದಿದೆ ಅಂತ! ಈ ದೀಪ ನಮ್ಮ ಚಿಕ್ಕ ರೈಲಿನ ಹಿಂದೆ ಕೂತು ಅಷ್ಟೊಂದು ವರ್ಷ ಕುಲುಕಾಡಿದೆ. ನಿಮ್ಮ ಕ್ವಾರಿ ಗುಂಡಿ ಅದಕ್ಕೆ ತೊಟ್ಟಿಲು."

ನರಸಿಂಹಪ್ಪನ ಕಣ್ಣಲ್ಲಿ ನೀರು ಬಂತು. "ಹಾಕಪ್ಪ. ಗಟ್ಟಿಯಾಗಿ ಹಾಕು."

"ನಟ್ಟು ಬೋಲ್ಟು ಹಾಕಿದ್ರೆ ಅಲ್ಲಾಡಿ ಅಲ್ಲಾಡಿ ಬಿಚ್ಚುತ್ತೆ. ರಿವೆಟ್ ಹೊಡೀತೀನಿ. ಸೈಕಲ್ ಸತ್ರೂ ದೀಪ ಬಿಡಲ್ಲ."

ರಿವೆಟ್ ಹೊಡೆದ. ಹೊಡೆದು ಕೈಬಿಟ್ಟ ಕ್ಷಣವೇ ಸೈಕಲ್ಲು ಮುಂದಿನ ಚಕ್ರ ಎತ್ತಿ ಹಿಂಗಾಲಿನ ಮೇಲೆ ನಿಂತ ಕುದುರೆಯ ಹಾಗೆ ನಿಂತುಬಿಟ್ಟಿತು. ಸಾಹೇಬರ ಫಿಲೇಚರಿನವರೆಲ್ಲ ಬಂದು ನೋಡಿದರು. ಕೊನೆಗೆ ಅಸ್ಗರನ ಮನೆಯ ರುಬ್ಬುಗುಂಡನ್ನು ಹ್ಯಾಂಡಲಿಗೆ ಕಟ್ಟಿದ ಮೇಲೆ ತೂಕ ಸರಿಯಾಯಿತು. ಬಷೀರ್ ಅಹಮದ್ ಸಾಹೇಬರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ನರಸಿಂಹಪ್ಪ, ಇದು ಸೈಕಲ್ಲೋ ಇಂಜಿನ್ನೋ?" ಎಂದರು. ಸಂಜೆ ಬೇಗ ಬಿಟ್ಟು, ಬತ್ತಿಗೆ ತಾವೇ ಕಡ್ಡಿ ಗೀರಿ ಬೀಳ್ಕೊಟ್ಟರು.

ಕ್ವಾರಿಯ ಗುಂಡಿಗಳಲ್ಲಿ ನರಸಿಂಹಪ್ಪನ ಹಲ್ಲು ಕಟಕಟ ಎಂದವು, ಪೆಡಲು ಕಿರುಗುಟ್ಟಿತು, ರುಬ್ಬುಗುಂಡು ಮೊಣಕಾಲಿಗೆ ಹೊಡೆಯಿತು. ದೀಪದ ಜ್ವಾಲೆ ಮಾತ್ರ ಅಲುಗಲಿಲ್ಲ. ಪ್ರತಿ ಗುಂಡಿಗೂ ಅವನು ಹಿಂದಕ್ಕೆ ತಿರುಗಿ ನೋಡಿದ, ಪ್ರತಿ ಸಲವೂ ಅದು ಉರಿಯುತ್ತಿತ್ತು, ಪ್ರತಿ ಸಲವೂ ಅವನು ಮುಂದಿನ ಗುಂಡಿಗೆ ಬಿದ್ದ. ಕೆರೆಯ ಹತ್ತಿರ ಬಂದಾಗ ಹೊತ್ತು ಮುಳುಗಿ ಮಬ್ಬು ಕವಿದಿತ್ತು. ಇಷ್ಟು ಭಾರ ಹೊತ್ತು ಬದುಗಳ ಮೇಲೆ ಹೋಗುವುದು ಬೇಡವೆಂದು ರೈಲ್ವೆ ಕಟ್ಟೆ ಹತ್ತಿ, ಕಂಬಿಗೆ ಒತ್ತಿಕೊಂಡೇ ಹೋಗುವ ಕಾಲುದಾರಿ ಹಿಡಿದ. ಹುಣಸೇಕುಂಟೆಯಲ್ಲಿ ರೈಲು ನಿಲ್ಲುವ ಹಾಲ್ಟಿನವರೆಗೂ ಅದು ಅಂಗೈಯಂಥ ದಾರಿ.

ಚಿಕ್ಕಬಳ್ಳಾಪುರದಿಂದ ಚಿಂತಾಮಣಿ ಕಡೆಗೆ ಹೋಗುವ ಆ ಪುಟಾಣಿ ರೈಲಿನ ವೇಗದ ಬಗ್ಗೆ ಎರಡು ಮಾತು ಹೇಳಲೇಬೇಕು. ಹತ್ತುವಾಗ ಅಂಬೆಗಾಲಿಡುತ್ತಿದ್ದ ಕೂಸು ಇಳಿಯುವಾಗ ಅಜ್ಜಿಗೆ ಎದುರುತ್ತರ ಕೊಡುತ್ತಿತ್ತು. ನಡುವೆ ಇಳಿದು ಹುಣಸೇಹಣ್ಣು ಉದುರಿಸಿಕೊಂಡು ಅದೇ ಡಬ್ಬಿಗೆ ಮತ್ತೆ ಹತ್ತಿದವರಿದ್ದಾರೆ. ಆದ್ದರಿಂದ ಹಿಂದೆ ಬರುತ್ತಿದ್ದ ರೈಲಿನ ಸದ್ದು ಕೇಳಿ ನರಸಿಂಹಪ್ಪ ಹೆದರಲಿಲ್ಲ. ಎರ್ರಪ್ಪನಿಗಿಂತ ಮೊದಲೇ ಹೊಸಿಲು ಮುಟ್ಟಬೇಕೆಂದು ಪೆಡಲು ಒತ್ತಿದ.

ಹಿಂದಿನಿಂದ ಶಿಳ್ಳೆ ಬಂತು. ಉದ್ದನೆಯ ಶಿಳ್ಳೆ. ನರಸಿಂಹಪ್ಪ ತಿರುಗಿ ನೋಡಿದ. ರೈಲು ನಿಂತಿತ್ತು.

ಅವನೂ ನಿಂತ.

ರೈಲು ಯಾಕೆ ನಿಂತಿತು? ಎರ್ರಪ್ಪ ಅದರೊಳಗಿದ್ದಾನೆ. ಬಾಮೈದ ದಾರಿಯಲ್ಲಿ ಸಿಕ್ಕಿಬಿದ್ದಿರುವಾಗ ಭಾವನಾದವನು ತಿರುಗಿಯೂ ನೋಡದೆ ಮನೆಗೆ ಹೋಗಿ ಮುದ್ದೆ ಉಂಡ ಎಂದರೆ ಅಕ್ಕಯಮ್ಮ ಸೈಕಲ್ಲಷ್ಟೇ ಅಲ್ಲ, ಅವನ ಚಾಪೆಯನ್ನೂ ನಗರಗೆರೆಗೆ ಕಳಿಸಿಬಿಡುತ್ತಾಳೆ. ಹೀಗೆ ಯೋಚಿಸಿ ಅವನು ಕಾದ. ರೈಲೂ ಕಾಯಿತು. ಬೀಡಿ ಸೇದಿ ಮುಗಿಸಿದ. ರೈಲು ಹೊಗೆ ಬಿಡುತ್ತಲೇ ಇತ್ತು. ಇನ್ನು ತಡೆಯಲಾರದೆ ಅವನು ಹೊರಟರೆ ರೈಲೂ ಹೊರಟಿತು. ಸದ್ಯ, ಸರಿಹೋಯಿತು ಎಂದು ದೀಪ ಸರಿಯಾಗಿದೆಯೇ ನೋಡಲು ನಿಂತರೆ, ರೈಲು ಕಿರ್ರೆಂದು ಮತ್ತೆ ನಿಂತಿತು. ಹಾಲ್ಟು ಬರುವುದಕ್ಕೆ ಮುಂಚೆ ಇದು ಎಷ್ಟು ಸಲ ಆಯಿತೆಂದರೆ, ಕೆರೆಯ ಕೊಕ್ಕರೆಗಳೂ ಎದ್ದು ಕೂತು ಬೇಸತ್ತುಹೋದವು.

ರೈಲಿನೊಳಗಿನ ಸಂಗತಿ ನರಸಿಂಹಪ್ಪನಿಗೆ ಗೊತ್ತಾದದ್ದು ಆಮೇಲೆ, ಎರ್ರಪ್ಪನ ಬಾಯಿಂದಲೇ. ಇಂಜಿನ್ ಡ್ರೈವರ್ ಮುನಿಶಾಮಿಗೆ ಮುಂದೆ ಕಂಬಿಯ ಮೇಲೆ ರೈಲಿನ ಬಾಲದ ದೀಪ ಕಂಡಿತ್ತು. ಅವನು ಗಾರ್ಡನ್ನು ಕೂಗಿ ಕರೆದ.

"ಸಾರ್, ಈ ಹೊತ್ತಿಗೆ ಈ ಲೈನಲ್ಲಿರೋದೇ ಒಂದು ರೈಲು. ಅದನ್ನ ನಾನೇ ಓಡಿಸ್ತಿದೀನಿ. ಮುಂದೆ ಹೋಗ್ತಿರೋದು ಯಾವುದು?"

"ಕೆಂಪು ಕಂಡ್ರೆ ನಿಲ್ಸಬೇಕು, ಅದು ರೂಲು."

"ನಿಲ್ಸಿದ್ನಲ್ಲ ಸಾರ್. ಕೆಂಪು ಎದ್ದು ಓಡಿದ್ರೆ ಏನು ಮಾಡ್ಬೇಕು ಅಂತ ರೂಲಲ್ಲಿದೆ?"

ಪ್ರಯಾಣಿಕರು ಕಿಟಕಿಯಿಂದ ಇಳಿದರು. ಒಬ್ಬರು, ಮುಂದೆ ಹೋಗುತ್ತಿರುವುದು ನೆನ್ನೆಯ ರೈಲೇ, ಇನ್ನೂ ಚಿಂತಾಮಣಿ ಮುಟ್ಟಿಲ್ಲ ಎಂದರು. ಇದನ್ನು ಅರ್ಧ ಡಬ್ಬಿ ನಂಬಿತು. ಮುರುಗಮಲ್ಲದ ದರ್ಗಾಕ್ಕೆ ಹೊರಟಿದ್ದ ಒಬ್ಬ ಅಜ್ಜಿ, ನಮ್ಮ ಕೊನೇ ಡಬ್ಬಿಯೇ ಬೇಸರವಾಗಿ ಮುಂದಕ್ಕೆ ಹೋಗಿದೆ ಎಂದಳು. ಇದನ್ನು ಉಳಿದ ಅರ್ಧ ನಂಬಿತು. ಕೊನೆಗೆ ಗಾರ್ಡು, ಮುನಿಶಾಮಿ, ಪಂಪು ಹಿಡಿದ ಎರ್ರಪ್ಪ, ಅವರ ಹಿಂದೆ ಇಡೀ ರೈಲಿನ ಜನ, ಮೆರವಣಿಗೆಯ ಹಾಗೆ ಕಂಬಿಯ ಮೇಲೆ ನಡೆದು ಬಂದರು.

"ಯಾರಯ್ಯ ನೀನು?" ಎಂದ ಮುನಿಶಾಮಿ.

"ನಾನು ನರಸಿಂಹಪ್ಪ, ಹುಣಸೇಕುಂಟೆಯೋನು. ನೀವ್ಯಾಕೆ ಸಾರ್ ಪದೇ ಪದೇ ನಿಲ್ತೀರಾ?"

"ನೀನು ನಿಂತಿದ್ದಕ್ಕಯ್ಯ!"

"ನಾನು ನಿಂತಿದ್ದು ನೀವು ನಿಂತಿದ್ದಕ್ಕೆ."

ಎರ್ರಪ್ಪ ಸೈಕಲ್ಲನ್ನು ನೋಡಿ, "ಏಮಿ ಬಾವ, ನನ್ನ ಸೈಕಲ್ಲಿಗೆ ಏನು ಗತಿ ತಂದಿದೀಯಾ? ಹ್ಯಾಂಡ್ಲಿಗೆ ರುಬ್ಬುಗುಂಡಾ?" ಎಂದು ಗೋಳಾಡಿದ.

ಗಾರ್ಡು ಟೋಪಿ ಸರಿಮಾಡಿಕೊಂಡರು. "ಮೊದ್ಲು ಆ ದೀಪ ಆರ್ಸು."

ನರಸಿಂಹಪ್ಪ ದೀಪಕ್ಕೆ ಅಡ್ಡ ನಿಂತ. "ನನ್ನ ಕೈ ಬೇಕಾದ್ರೆ ತಗೊಳಿ ಸಾರ್. ದೀಪ ಆರಿದ್ರೆ ಸೈಕಲ್ ಹೋಗುತ್ತೆ. ಅಕ್ಕಯಮ್ಮನ ಮಾತು."

"ಆರ್ಸಿ ಸಾರ್, ಆರ್ಸಿ," ಎಂದ ಎರ್ರಪ್ಪ ಬಹಳ ಕಾನೂನುಬದ್ಧನಾಗಿ. "ರೂಲಂದ್ರೆ ರೂಲೇ. ಬೇಕಾದ್ರೆ ನಾನು ಊದ್ಲಾ?"

ಗಾರ್ಡು ಬಗ್ಗಿ ದೀಪದ ಬಾಗಿಲಿಗೆ ಕೈ ಹಾಕಿದರು. ನರಸಿಂಹಪ್ಪ ಕೊನೆಯ ಸಲವೆಂಬಂತೆ ತಿರುಗಿ ನೋಡಿದ. ಈ ತಿಂಗಳಲ್ಲಿ ಅವನ ಕಣ್ಣು ಒಂದು ಚಟಕ್ಕೆ ಬಿದ್ದಿತ್ತು. ಎತ್ತಿನಗಾಡಿಯಿರಲಿ, ಲಾರಿಯಿರಲಿ, ಮೊದಲು ಅದರ ಹಿಂಭಾಗ ನೋಡುವುದು. ಕೆರೆಯ ಏರಿಯನ್ನು ಬಳಸಿ ಕಂಬಿ ಬಿಲ್ಲಿನ ಹಾಗೆ ಬಾಗಿತ್ತು. ಆ ತುದಿಯಲ್ಲಿ ರೈಲಿನ ಬಾಲ ಇಲ್ಲಿಂದಲೇ ಕಾಣುತ್ತಿತ್ತು. ಕಾಣುತ್ತಿತ್ತು ಎಂದರೆ, ಕಾಣಬೇಕಿತ್ತು.

"ಸಾರ್," ಎಂದ ನರಸಿಂಹಪ್ಪ ಮರ್ಯಾದೆಯಿಂದ. "ನಿಮ್ಮದು ಆರಿದೆ."

ಗಾರ್ಡಿನ ಕೈ ಅಲ್ಲೇ ನಿಂತಿತು. ಎಲ್ಲರೂ ತಿರುಗಿದರು. ಕೊನೆಯ ಡಬ್ಬಿಯ ಹಿಂದೆ ಕತ್ತಲು, ಕತ್ತಲಿನ ಹಿಂದೆ ಇನ್ನೂ ಕತ್ತಲು. ಹೋಗಿ ನೋಡಿದರೆ ದೀಪದ ಗಾಜು ಸೀಳಿಹೋಗಿ, ಬತ್ತಿ ಎಣ್ಣೆಯೊಳಗೆ ಮುಳುಗಿ ಕೂತಿತ್ತು.

"ಇದು ಹೊಸ ಮಾದರಿ," ಎಂದರು ಗಾರ್ಡು, ಯಾರ ಮುಖವನ್ನೂ ನೋಡದೆ.

"ಹಿಂದಿನಿಂದ ಲಾರಿ ಬಂದಿದ್ರೆ ಗತಿಯೇನು ಸಾರ್?" ಎಂದ ನರಸಿಂಹಪ್ಪ. ಕಂಬಿಯ ಮೇಲೆ ಲಾರಿ ಬರುವುದಿಲ್ಲ ಎಂದು ಯಾರಿಗೂ ಆ ಕ್ಷಣದಲ್ಲಿ ಹೊಳೆಯಲಿಲ್ಲ. ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡಳು.

ಬಾಲದ ದೀಪವಿಲ್ಲದೆ ಹಾಲ್ಟಿಗೆ ಹೋದರೆ, ಅರ್ಧ ರೈಲು ಎಲ್ಲಿ ಎಂದು ಕೇಳುತ್ತಾರೆ. ಗಾರ್ಡಿನ ದನಿ ಬೆಣ್ಣೆಯಾಯಿತು. "ನರಸಿಂಹಪ್ಪನೋರೇ, ನಿಮ್ಮ ದೀಪ ಬಿಚ್ಚಿಕೊಡಿ."

"ರಿವೆಟ್ ಹೊಡೆದಿದೆ ಸಾರ್."

ಮುನಿಶಾಮಿ ಎಳೆದ. ಇಂಜಿನ್ನಿಗೆ ಕಲ್ಲಿದ್ದಲು ಹಾಕುವವನು ಎಳೆದ. ಇಡೀ ಡಬ್ಬಿಯ ಜನ ಒಬ್ಬರ ಸೊಂಟ ಒಬ್ಬರು ಹಿಡಿದು ಎಳೆದರು. ಸೈಕಲ್ಲೇ ಮುಂದೆ ಬಂತು, ದೀಪ ಬರಲಿಲ್ಲ. ಅಸ್ಗರ್ ಕೊಟ್ಟ ಮಾತು ಅಂಥದ್ದು. ಕೊನೆಗೆ ಸೈಕಲ್ಲನ್ನೇ ಹೊತ್ತೊಯ್ದು ಗಾರ್ಡ್ ಡಬ್ಬಿಯ ಹಿಂದಿನ ಕಟಕಟೆಗೆ ಹಗ್ಗ ಹಾಕಿ ಬಿಗಿದರು, ದೀಪ ಹಿಂದಕ್ಕೆ ಮುಖ ಮಾಡಿ.

"ಸೈಕಲ್ ಹೋದಲ್ಲಿಗೆ ನಾನು," ಎಂದು ನರಸಿಂಹಪ್ಪ ಹಗ್ಗದ ನಡುವೆ ನುಸುಳಿ ಸೀಟಿನ ಮೇಲೆ ಕೂತ. ಅಭ್ಯಾಸಬಲದಿಂದ ಗಂಟೆ ಬಾರಿಸಿದ. ಅದನ್ನೇ ಸೂಚನೆ ಎಂದುಕೊಂಡು ಮುನಿಶಾಮಿ ರೈಲು ಬಿಟ್ಟ.

ಹುಣಸೇಕುಂಟೆ ಹಾಲ್ಟಿನಲ್ಲಿ ಅಕ್ಕಯಮ್ಮ ತಮ್ಮನನ್ನು ಎದುರುಗೊಳ್ಳಲು ನಿಂತಿದ್ದಳು. ಮುನಿಗಂಗಮ್ಮ, ಗೋಡೆಯನ್ನು ಜೊತೆಗೆ ತರಲಾಗದಿದ್ದರೂ, ಬಂದಿದ್ದಳು. ಟಿಕೆಟ್ ಕೊಡುವ ವೆಂಕಟರವಣಪ್ಪ ಹಸಿರು ದೀಪ ಹಿಡಿದು ಎಂದಿನಂತೆ ರೈಲಿನ ಮುಖ ಬಿಟ್ಟು ಬಾಲ ನೋಡಲು ನಿಂತ. ಡಬ್ಬಿಗಳು ದಾಟಿದವು. ಕೊನೆಗೆ ಹೊಗೆಯ ನಡುವಿಂದ ಕೆಂಪು ದೀಪ, ಅದರ ಮುಂದೆ ಸೈಕಲ್ಲು, ಅದರ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ ನರಸಿಂಹಪ್ಪ ಬಂದರು.

ವೆಂಕಟರವಣಪ್ಪ ಒಂದು ನಿಮಿಷ ನೋಡಿದ. ದೀಪ ಇದೆಯಾ? ಇದೆ. "ರೈಲು ಪೂರ್ತಿ ಬಂತು," ಎಂದು ಹಸಿರು ತೋರಿಸಿದ.

"ಅಯ್ಯೋ, ಅಕ್ಕಯಮ್ಮ, ನಿನ್ನ ಗಂಡನ್ನ ರೈಲಿಗೆ ಕಟ್ಟಾಕಿ ಎಳ್ಕೊಂಡು ಬಂದವ್ರೆ!" ಎಂದಳು ಮುನಿಗಂಗಮ್ಮ.

ಅಕ್ಕಯಮ್ಮ ಗಂಡನನ್ನು ಏನೂ ಕೇಳಲಿಲ್ಲ. ಆ ವಿಷಯದಲ್ಲಿ ಅವನ ಸಾಕ್ಷಿ ನಡೆಯದು. ಇಳಿದುಬಂದ ತಮ್ಮನನ್ನು ಕೇಳಿದಳು.

"ಎರ್ರಪ್ಪ, ನನ್ನ ಮೇಲಾಣೆ, ನಿಜ ಹೇಳು. ದಾರಿಯಲ್ಲಿ ದೀಪ ಆರಿತೇನೋ?"

ಎರ್ರಪ್ಪ ಪಂಪನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಅಕ್ಕನ ಮೇಲಾಣೆ. ಅವನ ಮುಖ ಹಿಂಡಿದ ನಿಂಬೆಹಣ್ಣಾಯಿತು.

"ಅದು ಆರಿದ್ದಿದ್ರೆ ನಾವು ಯಾವಾಗ್ಲೋ ಬಂದ್ಬಿಟ್ಟಿರ್ತಿದ್ವಲ್ಲಕ್ಕ!"

"ಗುಂಡಿಯಲ್ಲಿ?"

"ಗುಂಡಿ ನಾನು ನೋಡಿಲ್ಲ. ಆದ್ರೆ ಬಾವನ ಹಲ್ಲೊಂದು ಅಲ್ಲಾಡ್ತಿದೆ, ದೀಪ ಅಲ್ಲಾಡ್ತಿಲ್ಲ." ಆಮೇಲೆ ಏನೋ ನೆನಪಾಗಿ ಮುಖ ಅರಳಿತು. "ಆದ್ರೆ ಅಕ್ಕ, ನೀನು ಹೊಸಿಲು ತನಕ ಅಂದಿದ್ದೆ. ಇದು ಹಾಲ್ಟು!"

ಅಕ್ಕಯಮ್ಮ ಊರಿನ ಕಡೆ ತಿರುಗಿ ನೋಡಿದಳು. "ಇಲ್ಲಿಂದ ನಮ್ಮ ಹೊಸಿಲು ಕಾಣುತ್ತೋ ಇಲ್ವೋ?"

"ಕಾಣುತ್ತೆ."

"ಹೊಸಿಲಿಂದ ಈ ದೀಪನೂ ಕಾಣುತ್ತೆ. ಸೈಕಲ್ ನಿಮ್ಮ ಬಾವಂದೇ."

ಕಟಕಟೆಯೊಳಗೆ ನರಸಿಂಹಪ್ಪ ಹಿಗ್ಗಿನಿಂದ ಗಂಟೆ ಬಾರಿಸಿದ. ಅದೇ ತಪ್ಪಾಯಿತು. ಮುನಿಶಾಮಿಗೆ ಈಗ ಆ ಗಂಟೆ ಅಭ್ಯಾಸವಾಗಿತ್ತು; ರೈಲು ಹೊರಟೇಬಿಟ್ಟಿತು.

"ಏಯ್, ನಿಲ್ಸಿ! ನಾನಿಲ್ಲೇ ಇಳೀಬೇಕು! ಸಾರ್, ಬಿಚ್ಚಿ ಸಾರ್!"

"ಹೆಂಗಪ್ಪಾ ಬಿಚ್ಚೋದು, ರಿವೆಟ್ಟು!" ಗಾರ್ಡಿನ ದನಿ ಹೊಗೆಯೊಳಗಿಂದ ಬಂತು. "ಚಿಂತಾಮಣಿ ತನಕ ದೀಪ ಬೇಕು. ಕೂತ್ಕೊಳಿ ನರಸಿಂಹಪ್ಪನೋರೇ, ಜೋರಾಗಿ ಪೆಡಲ್ ತುಳೀಬೇಡಿ ಅಷ್ಟೇ."

"ಅಕ್ಕಯಮ್ಮಾ! ಅಸ್ಗರಿಗೆ ರುಬ್ಬುಗುಂಡು ನಾಳೆ ಕೊಡ್ತೀನಿ ಅಂತ ಹೇಳೇ!"

ಅಕ್ಕಯಮ್ಮ ಸೆರಗು ಬಿಗಿದುಕೊಂಡು ಮನೆಯ ಕಡೆ ನಡೆದಳು. "ಬಾರೋ ಎರ್ರಪ್ಪ, ಸಾರು ಆರೋಗುತ್ತೆ." ಎರ್ರಪ್ಪ ಪಂಪು ಹಿಡಿದು ಹಿಂದೆ ಬಂದ. ಪಾಪ, ಹತ್ತು ಮಾರಿಗೊಮ್ಮೆ ತಿರುಗಿ ನೋಡುತ್ತಿದ್ದ. ಕಂಬಿ ಬಯಲಿನ ಉದ್ದಕ್ಕೂ ನೇರವಾಗಿ ಹೋಗುತ್ತಿತ್ತು.

"ಇನ್ನೂ ಕಾಣ್ತಿದೆಯೇನೋ?" ಎಂದಳು ಅಕ್ಕಯಮ್ಮ, ತಾನು ತಿರುಗದೆ.

"ಕಾಣ್ತಿದೆ ಅಕ್ಕ."

ಮನೆ ಬಂತು. ಅವಳು ಹೊಸಿಲ ಮೇಲೆ ನಿಂತು ಸುಮ್ಮನೆ ಕೈಯನ್ನು ಹುಬ್ಬಿನ ಮೇಲಿಟ್ಟು ಬಯಲಿನ ಕಡೆ ನೋಡಿದಳು.

"ಈಗ?"

"ಈಗ್ಲೂ ಕಾಣ್ತಿದೆ," ಎಂದ ಎರ್ರಪ್ಪ, ಅಳುವವನ ಹಾಗೆ.

"ಹಂಗಾದ್ರೆ ಆ ಪಂಪು ಇಲ್ಲೇ ಬಿಟ್ಟು ಹೋಗು ಕಣೋ. ನಿಮ್ಮ ಬಾವ ಚಿಂತಾಮಣಿಯಿಂದ ತುಳ್ಕೊಂಡು ಬರ್ಬೇಕು, ಟೈರಲ್ಲಿ ಗಾಳಿ ಇರಲ್ಲ."